ಎಂಟು ತಾಸು ಅರೆದ ಪುಡಿ

ಆ ಲೋಹದ ಪುಡಿಯನ್ನು ನಾನು ಇಪ್ಪತ್ತು ತಾಸು ಅರೆಯಲಿಲ್ಲ. ಎಂಟು ತಾಸಿಗೇ ಬಾಲ್ ಮಿಲ್ ನಿಲ್ಲಿಸಿ, ವಹಿಯಲ್ಲಿ ಇಪ್ಪತ್ತು ಎಂದು ಬರೆದೆ. ಏಳು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ರತ್ನಳಿಗಂತೂ ಇಲ್ಲವೇ ಇಲ್ಲ.

ನಾನು ಕೊಟ್ಟೂರಿನವಳು, ಅವಳು ಇಟ್ಟಿಗಿಯವಳು. ಒಂದೇ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದೆವು. ವಯಸ್ಸಿನಲ್ಲಿ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅಲ್ಯೂಮಿನಿಯಂ ಮತ್ತು ತಾಮ್ರದ ಪುಡಿಗಳನ್ನು ಉಕ್ಕಿನ ಗುಂಡುಗಳ ಜೊತೆ ಬಾಲ್ ಮಿಲ್ಲಿನ ಡಬ್ಬಿಯಲ್ಲಿ ಹಾಕಿ ತಿರುಗಿಸುವುದು ಅವಳ ಕೆಲಸ. ಗುಂಡುಗಳ ಏಟಿಗೆ ದುಂಡನೆಯ ಕಣಗಳು ಮೊದಲು ಅವಲಕ್ಕಿಯಂತೆ ಚಪ್ಪಟೆಯಾಗುತ್ತವೆ, ಒಂದಕ್ಕೊಂದು ಅಂಟಿ ಪದರಗಟ್ಟುತ್ತವೆ. ಇನ್ನೂ ಅರೆದರೆ ಗಡುಸಾಗಿ ಒಡೆದು, ಸಣ್ಣಗೆ ಒಂದೇ ತೆರನಾಗುತ್ತವೆ. ಒಳಗೆ ಎರಡು ಲೋಹಗಳೂ ಬೆರೆತುಹೋಗಿರುತ್ತವೆ. ಅದಕ್ಕೆ ಇಪ್ಪತ್ತು ತಾಸು ಬೇಕೆಂದು ತಿಂಗಳುಗಟ್ಟಲೆ ದುಡಿದು ಕಂಡುಕೊಂಡವಳು ಅವಳೇ.

ಕೊನೆಯ ಪ್ರಯೋಗದ ಹೊತ್ತಿಗೆ ಜ್ವರ ಬಂದು ಊರಿಗೆ ಹೋದಳು. ಮಿಲ್ ನಡೆಸುವುದನ್ನು ನನಗೆ ಒಪ್ಪಿಸಿದಳು. ಹರಪನಹಳ್ಳಿಯಲ್ಲಿ ನನ್ನ ತಂಗಿಯ ನಿಶ್ಚಿತಾರ್ಥವಿತ್ತು — ನಾನು ಮಿಲ್ ನಿಲ್ಲಿಸಿ ಬಸ್ಸು ಹಿಡಿದೆ.

ತಿರುಗಿ ಬಂದ ರತ್ನ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕೇಳಿದಳು: "ಅಕ್ಕಾ, ಇಪ್ಪತ್ತು ತಾಸು ಅರದದ್ದು ಹೌದೇನ್ರಿ ಇದು? ಇನ್ನೂ ಚಪ್ಪಟಿ ಚಪ್ಪಟಿನೇ ಐತಲ್ರಿ."

ಆಗ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ತಾಸು ನಾನ ನೋಡೀನಿ. ನೀನ ಎಲ್ಲೋ ಪುಡಿ ಬಾಟ್ಲಿ ಅದಲುಬದಲು ಮಾಡಿದಿ."

ನಮ್ಮ ಮಾರ್ಗದರ್ಶಕರು ಪ್ರಯೋಗಾಲಯದಲ್ಲಿ ಎಲ್ಲರೆದುರು ಅವಳನ್ನು ಕೇಳಿದರು: "ಇದೇ ತಪ್ಪಿದ್ರೆ ನಿನ್ನ ಹಳೇ ಫಲಿತಾಂಶ ಯಾವುದನ್ನ ನಂಬೋದಮ್ಮ?" ಅವಳು ತಲೆ ತಗ್ಗಿಸಿ ನಿಂತು ಕ್ಷಮೆ ಕೇಳಿದಳು. ಮಾಡದ ತಪ್ಪನ್ನು ಮಾಡಿದ್ದೇನೆಂದೇ ನಂಬಿಬಿಟ್ಟಳು. ಬಾಟಲಿಗಳ ಮೇಲಿನ ಒಂದೊಂದು ಚೀಟಿಯನ್ನು ನಾಲ್ಕು ನಾಲ್ಕು ಸಲ ಓದುತ್ತಿದ್ದಳು. "ನನ್ನ ಕೈಮ್ಯಾಲೆ ನನಗ ನಂಬಿಕಿ ಹೋಗೇತ್ರಿ ಅಕ್ಕಾ" ಎಂದವಳು ಆ ವರ್ಷವೇ ಸಂಶೋಧನೆ ಬಿಟ್ಟಳು. ನಾನು ಪದವಿ ಪಡೆದೆ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಪುಟ್ಟ ಮಗಳ ಜೊತೆ. ನಗುತ್ತಲೇ ಮಗಳಿಗೆ ಹೇಳಿದಳು: "ಈ ದೊಡ್ಡಮ್ಮಾರ ಕೂಡ ಓದ್ತಿದ್ದೆ. ನಾನ ಒಂದು ತಪ್ಪು ಮಾಡಿದೆ, ಬಿಟ್ಟು ಬಂದೆ." ಮಗು ನನ್ನ ಮುಖ ನೋಡಿತು. ಆಗಲೂ ನಿಜ ಹೇಳದೆ ನಾನು ಬಸ್ಸು ಹತ್ತಿದೆ.

ನಾಲ್ಕು ದಿನದ ಮೇಲೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳು:

"ಸರ್‌ಗೆ ಹೇಳೀರೇನ್ರಿ?"

"ಇಲ್ಲ."

"ಅಲ್ಲಿ ಎಲ್ಲಾರ ಮುಂದ ಹೇಳ್ರಿ ಮೊದ್ಲು. ಆಮ್ಯಾಲೆ ಬರ್ರಿ." ಅಕ್ಕಾ ಎನ್ನಲಿಲ್ಲ.

ನಾಳೆ ಆ ಪ್ರಯೋಗಾಲಯಕ್ಕೆ ಹೊರಟಿದ್ದೇನೆ. ಕ್ಷಮೆ ಸಿಗುವುದೆಂದಲ್ಲ. ಅವಳು ತಲೆ ತಗ್ಗಿಸಿ ನಿಂತಿದ್ದ ಜಾಗದಲ್ಲಿ ನಾನು ನಿಲ್ಲಬೇಕು, ಅಷ್ಟೇ.