ಮುಂದಿನ ಗಾಲಿ ತಿರುಗದ ಜೀಪು

ಇದನ್ನು ಬರೆಯಬೇಡ ಎಂದು ಮನೆಯಲ್ಲಿ ಹೇಳುತ್ತಲೇ ಇದ್ದಾರೆ. ತಂಗಿಯ ವಿಷಯ ಬೀದಿಗೆ ಬರುತ್ತದಂತೆ, ನನ್ನ ಮಾನ ಹೋಗುತ್ತದಂತೆ. ತಂಗಿಯ ವಿಷಯದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ನನ್ನ ಮಾನ ಹೋಗುವುದಾದರೆ ಹೋಗಲಿ. ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ನಾಲ್ಕನೇ ಇಯತ್ತೆಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಓದಿ.

ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದೆ, ಗ್ಯಾರೇಜುಗಳ ಸಾಲಿನಲ್ಲಿ ಅಬ್ಬಾನ ಗ್ಯಾರೇಜು ಇತ್ತು. ಅಬ್ಬಾ ವಿಜಾಪುರದ ಕಡೆಯಿಂದ ಬಂದ ಡೀಸೆಲ್ ಮಿಸ್ತ್ರಿ. ಮನೆಯಲ್ಲಿ ದಖನಿ, ಗಿರಾಕಿಗಳ ಜೊತೆ ಹಿಂದಿ, ಸಿಟ್ಟು ಬಂದಾಗ ಕನ್ನಡ. ನಾನು ಮತ್ತು ತಂಗಿ ಮಾತ್ರ ಕೆಲಸದ ಮಾತನ್ನೆಲ್ಲ ಕನ್ನಡದಲ್ಲೇ ಆಡುತ್ತಿದ್ದೆವು, ಗಾಡಿಯ ರೋಗ ಗಿರಾಕಿಗೆ ಮೊದಲೇ ತಿಳಿಯದಿರಲಿ ಎಂದು. ಅಬ್ಬಾ ಇಬ್ಬರಿಗೂ ಪಾನಾ ಹಿಡಿದು ನಟ್ಟು ಬಿಗಿಯಲು ಕಲಿಸಿದ್ದ. ಗ್ಯಾರೇಜಿನ ಟೆಂಪೋದ ಮೇಲೆ ತಂಗಿಗೆ ಗಾಡಿ ಓಡಿಸಲೂ ಕಲಿಸಿದ. ಅವಳು ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಅದು ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಮಿಸ್ತ್ರಿ ಎಂದು ಕರೆಸಿಕೊಂಡವನು ನಾನು.

ನಮ್ಮ ಸಾಲಿನಲ್ಲಿ ಒಂದು ರಿವಾಜು ಇತ್ತು. ಹಳೆಯ ಗಾಡಿ ಕೊಳ್ಳುವಾಗ ಮನೆಯ ಮಿಸ್ತ್ರಿ ಎಲ್ಲ ನೋಡಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ‘ಪಾಸ್’ ಎನ್ನಬೇಕು. ಅವನು ಕೈ ಇಟ್ಟ ಮೇಲೆ ಇನ್ನೊಬ್ಬರು ಆ ಗಾಡಿಯ ಕೆಳಗೆ ಬಗ್ಗಿ ನೋಡಬಾರದು. ನೋಡಿದರೆ ಅವನ ಮುಖಕ್ಕೆ ಉಗುಳಿದ ಹಾಗೆ. ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ನಾನು ಸಾಂತಾಕ್ರೂಜಿನ ಒಂದು ಹೋಟೆಲಿನ ಹಿತ್ತಲಿನಲ್ಲಿ ನಿಂತಿದ್ದ ಹಳೆಯ ಡೀಸೆಲ್ ಜೀಪಿನ ಮೇಲೆ ಹಾಗೆ ಕೈ ಇಟ್ಟೆ.

ಆ ಜೀಪು ತಂಗಿಯ ಆಸೆ. ನಮ್ಮ ಗಿರಾಕಿಗಳಲ್ಲಿ ಮುಂಬಯಿಯ ಫೋರ್ಟ್ ಪೇಟೆಯ ಬ್ಯಾಂಕು, ವಿಮೆ ಆಫೀಸುಗಳ ಕೆಲವು ಕನ್ನಡದ ಸಾಹೇಬರಿದ್ದರು, ಮೈಸೂರು ಬೆಂಗಳೂರು ಕಡೆಯವರು. ಭಾನುವಾರ ಗುಂಪು ಕಟ್ಟಿಕೊಂಡು ಕರ್ಜತ್ ಆಚೆಯ ಗುಡ್ಡದ ಕೋಟೆಗಳನ್ನು ಹತ್ತುತ್ತಿದ್ದರು. ಮಳೆಗಾಲದಲ್ಲಿ ಬಸ್ಸು ದೂರದಲ್ಲೇ ನಿಂತುಬಿಡುತ್ತಿತ್ತು. ಕೆಸರಿನ ಕಾಡುದಾರಿ ಏರಿ ಮೇಲಿನ ಹಳ್ಳಿಯವರೆಗೆ ಹೋಗುವ ಗಾಡಿ ಇದ್ದರೆ ಪ್ರತಿ ವಾರ ನಾವೇ ತಗೊಳ್ತೀವಿ, ಬೇರೆ ಗುಂಪುಗಳಿಗೂ ಹೇಳ್ತೀವಿ ಎಂದಿದ್ದರು. ಅಂಥ ಗಾಡಿಯನ್ನು ನಾವೇ ಕಟ್ಟೋಣ, ನಾನೇ ಓಡಿಸುತ್ತೇನೆ ಎಂದಳು ತಂಗಿ. ಅಮ್ಮಿ ಆಗ ಅವಳಿಗೆ ಗಂಡು ನೋಡುತ್ತಿದ್ದಳು. ಒಂದು ಮಳೆಗಾಲ ಬಿಡು, ಗಾಡಿ ಓಡಿಸಿ ಹೊಟ್ಟೆ ಹೊರೆಯಲು ಆಗದಿದ್ದರೆ ನೀನು ಹೇಳಿದ ಕಡೆ ಹೋಗುತ್ತೇನೆ ಎಂದು ತಂಗಿ ಅಮ್ಮಿಯಿಂದ ಮಾತು ತೆಗೆದುಕೊಂಡಿದ್ದಳು.

ಸಾಂತಾಕ್ರೂಜಿನಲ್ಲಿ ಅವಳು ಜ್ಯಾಕ್ ಏರಿಸಿ ಮುಂದಿನ ಆಕ್ಸಲ್ ನೋಡೋಣ ಎಂದಳು. ನಾನು ನಕ್ಕೆ. ಮುಂದಿನ ಎರಡು ಗಾಲಿಗಳ ನಡುವೆ ಕಬ್ಬಿಣದ ಕುಂಬಳಕಾಯಿಯಂಥ ಒಂದು ಗುಂಡು ಇರುತ್ತದೆ. ಎಂಜಿನ್ನಿನ ಬಲವನ್ನು ಗಾಲಿಗೆ ಒಪ್ಪಿಸುವ ಗೇರುಗಳು ಅದರ ಹೊಟ್ಟೆಯಲ್ಲಿರುತ್ತವೆ. ಹಳೆಯ ಜೀಪಿನಲ್ಲಿ ಆ ಗುಂಡು ಎಣ್ಣೆ ಜಿನುಗಿಸಿ ಸದಾ ಕಪ್ಪಗಿರುತ್ತದೆ. ಇದು ಒಣಗಿ ಸ್ವಚ್ಛವಾಗಿತ್ತು. ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ನೋಡು ಎಂದು ತಂಗಿಗೇ ಪಾಠ ಹೇಳಿದೆ. ಮುಂಬಯಿಯ ಡಾಂಬರಿನ ಮೇಲೆ ನಾಲ್ಕೂ ಗಾಲಿಗೆ ಬಲ ಕೊಡುವ ಲಿವರನ್ನು ಯಾರು ಮುಟ್ಟುತ್ತಾರೆ? ನಾನು ಅಷ್ಟು ವರ್ಷ ಜೀಪು ರಿಪೇರಿ ಮಾಡಿದವನು, ಒಂದು ದಿನವೂ ಕೆಸರಿನಲ್ಲಿ ಓಡಿಸಿರಲಿಲ್ಲ. ಲಿವರ್ ಎಳೆದು ನೋಡಿದೆ, ಖಟ್ ಎಂದು ಬಿತ್ತು. ಅಂಗೈ ಇಟ್ಟು ಪಾಸ್ ಎಂದೆ.

ಜೀಪು ಕೊಂಡು ತಂದ ಮಾರನೆಯ ವಾರ ಎಣ್ಣೆ ಬದಲಿಸಲು ಆ ಗುಂಡಿನ ಬಿರಡೆ ತೆಗೆದೆ. ಒಂದು ಹನಿಯೂ ಬರಲಿಲ್ಲ. ತಂತಿ ತೂರಿಸಿ ಆಡಿಸಿದೆ. ಒಳಗೆ ತಂತಿಗೆ ಏನೂ ತಾಗಲಿಲ್ಲ. ಎಂದೋ ಗೇರು ಮುರಿದಾಗ ಯಾರೋ ದೊಡ್ಡ ಹಲ್ಲುಚಕ್ರವನ್ನೇ ಕಿತ್ತು ಹಾಕಿ ಮುಚ್ಚಳ ಬಿಗಿದಿದ್ದರು. ಜೀಪಿನ ಮುಂದಿನ ಗಾಲಿಗಳು ಕೈಗಾಡಿಯ ಗಾಲಿಗಳಂತೆ, ಎಳೆದ ಕಡೆ ಉರುಳುತ್ತಿದ್ದವು ಅಷ್ಟೆ.

ನಾನು ಬಿರಡೆ ಬಿಗಿದು ಎದ್ದು ಕೈ ಒರೆಸಿಕೊಂಡೆ. ಯಾರಿಗೂ ಹೇಳಲಿಲ್ಲ. ಅದೇ ಹೊತ್ತಿನಲ್ಲಿ ತಂಗಿ ಪಕ್ಕದ ಶೆಡ್ಡಿನಲ್ಲಿ ಜೀಪಿಗಾಗಿ ಕುಲುಕು ತಾಳುವ ಗಟ್ಟಿ ಕಮಾನುಪಟ್ಟಿ ಜೋಡಿಸುತ್ತಿದ್ದಳು. ಹಳ್ಳ ದಾಟುವಾಗ ಎಂಜಿನ್ ನೀರು ಕುಡಿಯಬಾರದೆಂದು ಗಾಳಿಯ ಪೈಪನ್ನು ಗಾಜಿನ ಎತ್ತರಕ್ಕೆ ಏರಿಸಿದ್ದೂ ಅವಳೇ, ಮುಂದೆ ಕೊಕ್ಕೆ ಬೆಸೆದದ್ದೂ ಅವಳೇ. ಕುರ್ಲಾದ ಗುಜರಿಯಲ್ಲಿ ಜೋಡಿ ಗೇರು ಹುಡುಕಿ ಗುಟ್ಟಾಗಿ ಹಾಕಿಬಿಡುತ್ತೇನೆ ಎಂದುಕೊಂಡೆ. ಹೋದೆ, ಹಲ್ಲು ಹೊಂದುವ ಜೋಡಿ ಸಿಗಲಿಲ್ಲ. ಅಷ್ಟರಲ್ಲಿ ಮಳೆ ಬಂತು, ಸಾಹೇಬರು ಬರುವ ಭಾನುವಾರವೇ ಹೊರಡೋಣ ಎಂದರು. ಹೊಸ ಟೈರು ಇವೆ, ಹಿಂದಿನ ಗಾಲಿಗಳೇ ಎಳೆದಾವು ಎಂದು ನನಗೆ ನಾನೇ ಹೇಳಿಕೊಂಡೆ.

ಹಿಂದಿನ ಗಾಲಿಗಳು ಎಳೆಯಲಿಲ್ಲ. ಆ ಭಾನುವಾರ ಗುಡ್ಡದ ಅರ್ಧ ದಾರಿಯಲ್ಲಿ ಕೆಂಪು ಕೆಸರಿನ ಏರು ಬಂತು. ತಂಗಿ ನಿಲ್ಲಿಸಿ, ಲಿವರ್ ಹಾಕಿ, ಚಿಕ್ಕ ಗೇರಿನಲ್ಲಿ ನಿಧಾನ ಬಿಟ್ಟಳು. ಸರಿಯಾದ ಡ್ರೈವರ್ ಮಾಡಬೇಕಾದದ್ದು ಅದೇ. ಹಿಂದಿನ ಗಾಲಿಗಳು ಕೆಸರು ಎರಚುತ್ತ ನಿಂತಲ್ಲೇ ತಿರುಗಿದವು. ಅವಳು ತಲೆ ಹೊರಗೆ ಹಾಕಿ ನೋಡಿ, “ಭಾಯ್, ಮುಂದಿನ ಗಾಲಿ ತಿರಗಾಕತ್ತಿಲ್ಲ” ಎಂದಳು. ಹಿಂದೆ ಕೂತಿದ್ದ ಸಾಹೇಬರು ಆಗಲೇ ನಗಲು ಶುರು ಮಾಡಿದ್ದರು. ಗುಂಪಿನ ಹಿರಿಯರಾದ ಕನ್ನಡಕದ ಸಾಹೇಬರು ನನ್ನ ಭುಜ ತಟ್ಟಿ ಕೇಳಿದರು.

“ಏನ್ರೀ ಮಿಸ್ತ್ರಿ, ತಪ್ಪು ಗಾಡೀದೋ, ಓಡಿಸೋ ಕೈದೋ?”

ಗಾಡಿಯದು ಎಂದಿದ್ದರೆ ಪಾಸ್ ಮಾಡಿದ ಅಂಗೈ ಸುಳ್ಳಾಗುತ್ತಿತ್ತು. ನಾನು ಹೇಳಿದೆ: “ಲಿವರ್ ಪೂರಾ ಬಿದ್ದಿಲ್ರಿ. ಆಕಿ ಕೈಯಾಗ ಅಷ್ಟು ಜೋರಿಲ್ಲ.”

ತಂಗಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಮಾತನ್ನು ನಂಬಿದ್ದಳು. ಇಳಿದು ಸೀಟು ಬಿಟ್ಟುಕೊಟ್ಟಳು. ನಾನು ಕೂತು ಲಿವರನ್ನು ಎಳೆಯುವ ನಾಟಕ ಆಡಿ, ಈಗ ತಡವಾಯಿತು, ಗಾಲಿ ಹೂತಿದೆ ಎಂದು ಹಿಮ್ಮುಖವಾಗಿ ಇಳಿಸಿದೆ. ಸಾಹೇಬರು ನಡೆದುಕೊಂಡು ಗುಡ್ಡ ಹತ್ತಿದರು. ಮುಂದಿನ ವಾರ ಅವರು ಬರಲಿಲ್ಲ. ಹುಡುಗಿಯ ಕೈ ಮೆತ್ತಗೆ ಎಂಬ ಮಾತು ಮಾತ್ರ ನಮ್ಮ ಸಾಲಿಗೂ ಬಂತು, ಅಮ್ಮಿಯ ಕಿವಿಗೂ ಬಿತ್ತು. ಅಮ್ಮಿ ಮತ್ತೆ ಗಂಡಿನ ಮಾತೆತ್ತಿದಳು.

ಆಮೇಲೆ ನಾನು ನೋಡಿದ್ದನ್ನು ಬರೆಯುವುದು ಕಷ್ಟ. ತಂಗಿ ದಿನವೂ ಕೆಲಸ ಮುಗಿದ ಮೇಲೆ ನಿಂತ ಜೀಪಿನಲ್ಲಿ ಕೂತು ಆ ಲಿವರನ್ನು ಎಳೆಯುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಎಳೆಯುತ್ತಿದ್ದಳು. ಒಂದು ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದಕ್ಕೆ ಅರಿವೆ ಸುತ್ತಿಕೊಂಡು ಎಳೆದಳು. ಎದುರಿನ ಗ್ಯಾರೇಜಿನವರು ಚಹಾ ಕುಡಿಯುತ್ತ, ದೀದಿ ಕಸರತ್ತು ಮಾಡುತ್ತಿದ್ದಾಳೆ ಎಂದು ನಗುತ್ತಿದ್ದರು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ಜೀಪು ಜ್ಯಾಕಿನ ಮೇಲಿತ್ತು. ಸಾಲಿನವರೆಲ್ಲ ನೋಡುತ್ತಿರುವಾಗ, ನಾನು ಕೈ ಇಟ್ಟು ಪಾಸ್ ಮಾಡಿದ ಗಾಡಿಯ ಕೆಳಗೆ ತಂಗಿ ಮಲಗಿದ್ದಳು. ಗುಂಡಿನ ಮುಚ್ಚಳ ಪಕ್ಕದಲ್ಲಿತ್ತು. ನನ್ನ ಚಪ್ಪಲಿ ನೋಡಿ ಕೆಳಗಿನಿಂದಲೇ ಕೇಳಿದಳು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಗುಡ್ಡದಾಗ ಹೋಗೂಕಿಂತ ಮೊದಲ?”

ಹೌದು ಎಂದೆ. ಅವಳು ಹೊರಗೆ ಬಂದು ಎದ್ದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. “ಫೋರ್ಟಿಗೆ ಹೋಗಿ ಅವರ ಮುಂದ ಹೇಳಿ ಬಾ. ಇವತ್ತ ಹೋಗು” ಎಂದಳು.

ಕೈ ತೊಳೆದುಕೊಂಡು ಲೋಕಲ್ ರೈಲು ಹತ್ತಿದೆ. ಸಾಹೇಬರು ಆಫೀಸು ಬಿಟ್ಟ ಮೇಲೆ ಸೇರುತ್ತಿದ್ದ ಉಡುಪಿ ಹೋಟೆಲು ನನಗೆ ಗೊತ್ತಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಗೇರು ಇರಲಿಲ್ಲ, ನನಗೆ ಮೊದಲೇ ತಿಳಿದಿತ್ತು, ಅವಳು ಲಿವರ್ ಸರಿಯಾಗಿಯೇ ಹಾಕಿದ್ದಳು, ಸುಳ್ಳು ಹೇಳಿದವನು ನಾನು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಕನ್ನಡಕದ ಸಾಹೇಬರು ನನ್ನನ್ನು ಕೈ ಹಿಡಿದು ಕೂರಿಸಿದರು.

“ನಮಗೂ ತಂಗೀರಿದ್ದಾರೆ ಕಣ್ರೀ. ಅವಳ ಹೆಸರು ಕೆಡಬಾರದು ಅಂತ ತಪ್ಪನ್ನ ನಿಮ್ಮ ಮೈಮೇಲೆ ಹಾಕ್ಕೊಳ್ತಿದ್ದೀರಿ. ಅರ್ಥ ಆಗುತ್ತೆ. ಕಾಫಿ ಕುಡೀರಿ.”

ಇಂಥ ಅಣ್ಣ ಎಲ್ಲರಿಗೂ ಸಿಗುವುದಿಲ್ಲ ಎಂದು ಇನ್ನೊಬ್ಬರು ಸೇರಿಸಿದರು. ನಂಬಿಕೆ ಇಲ್ಲದಿದ್ದರೆ ಕಾಂದಿವಲಿಗೆ ಬನ್ನಿ, ಗಾಡಿಯ ಕೆಳಗೆ ಮಲಗಿ ನೋಡಿ ಎಂದೆ. ಎಲ್ಲರೂ ತಮ್ಮ ತಮ್ಮ ಬಿಳಿ ಅಂಗಿಗಳನ್ನು ನೋಡಿಕೊಂಡು ನಕ್ಕರು. ಆ ಹೊಗಳಿಕೆ ಕೇಳಿ ನನಗೆ ಒಳಗೊಳಗೇ ಹಿತವಾಯಿತು. ಇದನ್ನೂ ಬರೆಯಬೇಕು. ಕಾಫಿಯನ್ನು ಪೂರ್ತಿ ಕುಡಿದು ಎದ್ದೆ.

ನಡೆದದ್ದನ್ನು ತಂಗಿಗೆ ಹೇಳಿದಾಗ ಅವಳು ಪಾನಾ ಕೆಳಗಿಟ್ಟು ನನ್ನನ್ನು ನೋಡಿದಳು. “ನೀ ಸುಳ್ಳು ಹೇಳಿದರ ನಂಬತಾರ, ಖರೇ ಹೇಳಿದರ ಹೊಗಳತಾರ. ಚಲೋ ನಸೀಬ ನಿಂದು.”

ಮಿಲಿಟರಿ ಹರಾಜಿನಲ್ಲಿ ಬಂದು ಮುರಿಯಲು ಬಿದ್ದಿದ್ದ ಒಂದು ಜೀಪಿನ ಮುಂದಿನ ಆಕ್ಸಲನ್ನು ಅವಳು ಇಡಿಯಾಗಿ ಹೊರಿಸಿ ತಂದಳು. ನಾನು ಕೈ ಹಾಕಲು ಹೋದರೆ ದೀಪ ಹಿಡಿ, ಅಷ್ಟೇ ಸಾಕು ಎಂದಳು. ಸಾಲಿನವರ ಎದುರಿಗೇ ಮಿಸ್ತ್ರಿಯಾದ ನಾನು ದೀಪ ಹಿಡಿದು ನಿಂತೆ. ಮಳೆಗಾಲ ಇನ್ನೂ ಉಳಿದಿತ್ತು. ಅದೇ ಕೆಂಪು ಏರನ್ನು ಅವಳು ಒಂದೇ ಉಸಿರಿಗೆ ಏರಿದಳು. ನೋಡಿದವರು ತಲೆಹೊರೆ ಹೊತ್ತು ಇಳಿಯುತ್ತಿದ್ದ ಮೇಲಿನ ಹಳ್ಳಿಯ ಹೆಂಗಸರು. ಅವರು ಕೇಳಿದ್ದು ಒಂದೇ, ಸಂತೆಯ ದಿನ ಬರುತ್ತೀಯಾ ಎಂದು. ಅವಳು ಹೋದಳು, ವಾರ ವಾರವೂ ಹೋದಳು. ಅಕ್ಕಿ ಚೀಲ, ಸೀಮೆಎಣ್ಣೆ ಡಬ್ಬ, ಬಸುರಿ ಹೆಂಗಸರು, ಎಲ್ಲರೂ ಆ ಜೀಪಿನಲ್ಲಿ ಏರಿಳಿದರು. ಅಮ್ಮಿ ಗಂಡಿನ ಮಾತು ನಿಲ್ಲಿಸಿದಳು.

ಮುಂದಿನ ಮಳೆಗಾಲಕ್ಕೆ ಸಾಹೇಬರು ತಾವಾಗಿಯೇ ಕಾಂದಿವಲಿಗೆ ಬಂದರು. ಜೀಪು ಬೇಕು, ಓಡಿಸಲು ನಾನು ಬೇಕು ಎಂದರು. ಗಾಡಿ ಅವಳದು, ಓಡಿಸುವವಳು ಅವಳು, ಒಪ್ಪಿಗೆ ಇಲ್ಲದಿದ್ದರೆ ನಡೆದು ಹತ್ತಿ ಎಂದೆ. ಸರಿ, ಪಕ್ಕದಲ್ಲಿ ನೀವು ಕೂತಿರಿ ಎಂದರು ಕನ್ನಡಕದವರು. ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು: “ಅಂವ ಬರೂದಿಲ್ರಿ. ನಾ ಒಬ್ಬಾಕಿನ.”

ಆ ಭಾನುವಾರ ನಾನು ಗ್ಯಾರೇಜಿನ ಬಾಗಿಲಲ್ಲೇ ಕೂತಿದ್ದೆ. ಸಂಜೆ ಜೀಪು ಕತ್ತಿನವರೆಗೆ ಕೆಸರಾಗಿ ಬಂತು. ಮೇಲಿನವರೆಗೂ ಹೋಯಿತೇ ಎಂದು ಕೇಳಿದೆ. ಹೋಗದೆ ಏನು ಎಂಬಂತೆ ನೋಡಿದಳು. ಸಾಹೇಬರು ಏನಂದರು ಎಂದು ಕೇಳಿದೆ.

“ನಿಮ್ಮಣ್ಣ ಚೆನ್ನಾಗಿ ಕಲಿಸಿದ್ದಾರಮ್ಮ ಅಂದ್ರು.” ಮೈಸೂರಿನ ಮಾತನ್ನು ಅವಳು ಹಾಗೇ ಆಡಿ ತೋರಿಸಿದಳು.

“ನೀ ಏನಂದಿ?”

“ಬರೂ ವಾರದಿಂದ ಬಾಡಿಗಿ ಜಾಸ್ತಿ ಅಂದ್ನಿ.”

ಇಂದಿಗೂ ನಮ್ಮವರ ಮದುವೆಯ ಊಟಗಳಲ್ಲಿ ತಂಗಿಗಾಗಿ ತಪ್ಪು ಹೊತ್ತ ಅಣ್ಣ ಎಂದು ನನ್ನನ್ನು ತೋರಿಸುವವರಿದ್ದಾರೆ. ಎದ್ದು ನಿಂತು ಅಲ್ಲ ಎಂದರೆ ಇನ್ನೂ ದೊಡ್ಡವನಾಗುತ್ತೇನೆ. ಅದಕ್ಕೇ ಬರೆದೆ. ತಂಗಿಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, ಬೊಬ್ಬೆ ಎದ್ದದ್ದು ಎರಡೂ ಕೈಗೆ, ಒಂದಕ್ಕಲ್ಲ, ಅದನ್ನು ತಿದ್ದು ಎಂದಳು. ಮೇಲೆ ಹಾಗೇ ಬಿಟ್ಟಿದ್ದೇನೆ, ಇಲ್ಲಿ ತಿದ್ದಿದ್ದೇನೆ: ಎರಡೂ ಕೈಗೆ.