ಗಾಯವಿಲ್ಲದ ವರ್ಷದ ಪ್ರಶಸ್ತಿ

ನಿಜಾಮರ ಸೀಮೆಯಾಗಿದ್ದ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಕೊನೆಯ ಸೋಮವಾರ, ಸಂಜೆ ನಾಲ್ಕು ಗಂಟೆ. ಅಲ್ಲಿನ ಅರಣ್ಯ ಕಚೇರಿಯಲ್ಲಿ ಮೈಸೂರು ಕಡೆಯ ಸಾಹೇಬರು, ಗುಮಾಸ್ತನಾದ ನಾನು ಮತ್ತು ಮರ ಕಡಿಯುವವರ ಮೇಸ್ತ್ರಿ ಇದ್ದೆವು. ವರ್ಷವಿಡೀ ಯಾರಿಗೂ ಗಾಯವಾಗದ ತಂಡವೆಂದು ಮೇಸ್ತ್ರಿಗೆ ಪ್ರಶಸ್ತಿಪತ್ರ. ಮರ ಉರುಳುವ ಮುನ್ನ "ಮಂದಿ ಎಣಸ್ರಿ" ಎಂದು ಕೂಗುವ ಆತ, ಅಂದು ಕೂತಲ್ಲಿ ಕೂರದೆ ರುಮಾಲು ಬಿಚ್ಚಿ ಬಿಚ್ಚಿ ಸುತ್ತುತ್ತಿದ್ದ.

"ತಗೊಳ್ಳಿ ಮೇಸ್ತ್ರಿ, ಮದುವೆ ಹೆಣ್ಣಿನ ಹಾಗೆ ಯಾಕ್ರೀ ನಾಚ್ತೀರಿ?" ಎಂದರು ಸಾಹೇಬರು.

"ಮಂದಿ ಎಣಸ್ರಿ ಸಾಹೇಬ್ರ, ಒಬ್ಬ ಕಮ್ಮಿ ಅದಾನ್ರಿ. ಎಕಂಬಾ ಊರಿನ ಕೂಲಿ ಕಾಲಿಗಿ ಕೊಡ್ಲಿ ಬಡದದ. ಹಳಿ ಉರ್ದು ದಫ್ತರದಾಗ ನೋಡ್ರಿ."

ನೋಡಿದೆ. ಆ ಗಾಯ ಅಲ್ಲಿ ದಾಖಲಾಗಿತ್ತು, ರಾಜ್ಯ ಬದಲಾದ ಮೇಲೆ ಅದನ್ನೆಲ್ಲ ಕನ್ನಡ ಪುಸ್ತಕಕ್ಕೆ ಇಳಿಸುವಾಗ ನಾನೇ ಬಿಟ್ಟಿದ್ದೆ. ಸಾಹೇಬರು ಪ್ರಶಸ್ತಿಪತ್ರವನ್ನು ಹಿಂದಕ್ಕೆ ಪಡೆದರು. ಮೇಸ್ತ್ರಿ ಕದಲಲಿಲ್ಲ, ಕನ್ನಡ ಪುಸ್ತಕವನ್ನು ನನ್ನತ್ತ ಸರಿಸಿದ.

"ಬರೀರಿ, ನಾ ನಿಂತೇನಿ."

ಐದು ಗಂಟೆಗೆ ಆ ಕೂಲಿಯ ಹೆಸರನ್ನೂ ಗಾಯವನ್ನೂ ಕನ್ನಡದಲ್ಲಿ ಬರೆದು ಮುಗಿಸಿದೆ.