ನೀರು ಬಂದ ದಿನದ ಮುಖ

ಧಾರವಾಡದಲ್ಲಿ ನೀರು ಬಂದ ದಿನ ಫೋನಿನ ಪರದೆಯಲ್ಲಿ ನನ್ನ ತಂಗಿಯ ಮುಖ ಚೂರಾಗುತ್ತದೆ. ಮೊದಲು ಕೈ ನಿಲ್ಲುತ್ತದೆ, ಆಮೇಲೆ ಕಣ್ಣು ಚೌಕಚೌಕವಾಗಿ ಕದಡುತ್ತದೆ.

ಹೊಸ ಊರು ಹೇಗಿದೆ ಎಂದು ಊರಿನವರಾದ ನೀವು ಕೇಳುತ್ತೀರಿ. ಕುಂದಾಪುರದಲ್ಲಿ ನಮಗೆ ಬಾವಿಯಿತ್ತು. ನೀರಿಗಾಗಿ ಯಾರೂ ಕಾಯುತ್ತಿರಲಿಲ್ಲ. ಇಲ್ಲಿ ಧಾರವಾಡದ ಕೆಲಗೇರಿಯಲ್ಲಿ, ನಾನು ಬಾಡಿಗೆಗಿರುವ ಶಾಂತಕ್ಕನ ಮನೆಯಲ್ಲಿ, ನಳಕ್ಕೆ, ಅಂದರೆ ನಲ್ಲಿಗೆ, ವಾರಕ್ಕೊಮ್ಮೆ ಜೀವ ಬರುತ್ತದೆ. ಅಂದು ನಡುಮನೆಯ ಉದ್ದಕ್ಕೂ ನಿಂತ ಬ್ಯಾರಲ್‌ಗಳೆಲ್ಲ ಕಂಠಮಟ್ಟ ತುಂಬುತ್ತವೆ. ವೈಫೈ ಪೆಟ್ಟಿಗೆ ಪಡಸಾಲೆಯಲ್ಲಿ, ನಾನು ಹಿಂದಿನ ಖೋಲಿಯಲ್ಲಿ. ನಡುವೆ ನೀರಿನ ಗೋಡೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ರೇಡಿಯೋ ಅಲೆಯನ್ನು ನೀರು ಕುಡಿಯುತ್ತದೆ ಎಂದು ಗೊತ್ತು. ಪೆಟ್ಟಿಗೆ ಚಿತ್ರದ ಒಂದು ತುಣುಕು ಕಳಿಸಿ, ಫೋನಿನಿಂದ 'ಸಿಕ್ಕಿತು' ಎಂಬ ಮರುಸಂಕೇತ ಬಾರದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ ಎಂದೂ ಗೊತ್ತು. ಗೊತ್ತಿದ್ದು ಏನು ಮಾಡಲಿ?

ಊರಲ್ಲಿ ಅಣ್ಣನ ಮನೆಯಲ್ಲಿರುವ ತಂಗಿ ಸುಮತಿಗೆ ಕಿವಿ ಕೇಳಿಸದು, ಓದುಬರಹ ಬಾರದು. ಅಮ್ಮ ಕಟ್ಟಿಕೊಟ್ಟ ಕೈಭಾಷೆ, ಅಮ್ಮ ಹೋದಮೇಲೆ, ಪೂರ್ತಿ ತಿಳಿಯುವುದು ನನಗೊಬ್ಬಳಿಗೆ. ಅವಳು ಒಂದು ಮಾತಾಡಿದರೆ ನಾನು ಗಲ್ಲ ಮುಟ್ಟಬೇಕು: ತಲುಪಿತು ಎಂದು. ಮುಟ್ಟದಿದ್ದರೆ ಮತ್ತೆ ಹೇಳುತ್ತಾಳೆ.

ತನ್ನನ್ನು ನೋಡಲು ಗಂಡಿನವರು ಬಂದುಹೋದ ಮರುದಿನ ವಿಡಿಯೋ ಕರೆ ಮಾಡಿದಳು. ಅಂದೇ ನೀರು ಬಂದಿತ್ತು. ಎರಡೂ ಕೈ ಎದೆಯವರೆಗೆ ಬಂದು ನಿಂತವು. ಸೀರೆ ಹಸಿರಾಗಿತ್ತು ಎಂದು ಬರೆಯಹೊರಟೆ. ಹಸಿರು ನಾನು ಆಮೇಲೆ ತುಂಬಿದ್ದಿರಬೇಕು. ಕಂಡದ್ದು ಬೂದು ಚೌಕಗಳು.

ಮೊಬೈಲ್ ಸಿಗ್ನಲ್ ಇಲ್ಲಿ ಮಾತಿಗೆ ಸಾಕು, ಚಿತ್ರಕ್ಕೆ ಸಾಲದು. ಅಣ್ಣನಿಗೆ ಫೋನು ಮಾಡಿ, ಅವಳ ಮನಸ್ಸು ತಿಳಿಯುವವರೆಗೆ ಸ್ವಲ್ಪ ತಡೆ ಎಂದೆ.

"ಅದ್ ನೆಗ್ಯಾಡ್ತಾ ಇತ್ತಲೆ ಮಾರಾಯ್ತಿ. ಒಪ್ಪಿಗೆ ಅಲ್ದೇ ಮತ್ತೆಂತ?"

ಶಾಂತಕ್ಕ ಬಾಗಿಲಲ್ಲಿ ನಿಂತಿದ್ದಳು. "ಅಳಾಕತ್ತೀರೇನ್ರಿ ಟೀಚರ? ಬ್ಯಾರಲ್ ಸರಸಬೇಕಂದ್ರ ಆನಿ ತರಬೇಕು. ನೀರ ಚೆಲ್ಲಂದ್ರ ನನ್ನ ಜೀವಾನ ಹೋಕ್ಕೈತಿ. ಪಡಸಾಲ್ಯಾಗ ಬಂದ ಕುಂದರ್ರಿ, ಇದೇನ್ ಬ್ಯಾರೇದವ್ರ ಮನಿ ಏನು?"

ಕೂತೆ. ಚಿತ್ರ ಕನ್ನಡಿಯಂತೆ ಬಂತು. ನನ್ನ ಹೆಗಲ ಮೇಲಿಂದ ಶಾಂತಕ್ಕ, ಅವಳ ಅತ್ತೆ, ಪಕ್ಕದ ಮನೆಯಾಕೆ ಬಗ್ಗಿದರು.

"ಅಯ್ಯ, ಎಷ್ಟ ಛಂದ ಅದಾಳಲ್ರಿ! ಮಾತಾಡವ್ವಾ ತಂಗಿ, ನಾವೇನ್ ನುಂಗತೇವೇನು?"

ಅಪರಿಚಿತರನ್ನು ಕಂಡ ಸುಮತಿ ಕೈಗಳನ್ನು ಸೆರಗಿನೊಳಗೆ ಸೇರಿಸಿ ನಕ್ಕಳು. ಅಣ್ಣ ಒಪ್ಪಿಗೆ ಎಂದುಕೊಂಡದ್ದು ಇದೇ ನಗುವನ್ನು. ಈ ಪಡಸಾಲೆ ಎಂದೂ ಖಾಲಿಯಿರುವುದಿಲ್ಲ. ಇಲ್ಲಿ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ. ಬಂದ ಹೊಸತರಲ್ಲಿ ನನ್ನನ್ನು ಉಳಿಸಿದ್ದೂ ಅದೇ.

ಬ್ಯಾರಲ್ ಇಳಿಯಲೆಂದು ಕಾದೆ. ಸ್ನಾನಕ್ಕೆ ಬೇಕೆಂದೇ ಹೆಚ್ಚು ನೀರು ಸುರಿದುಕೊಂಡೆ. ದಿನದಿಂದ ದಿನಕ್ಕೆ ಖೋಲಿಯೊಳಗೆ ಮುಖ ಕೂಡಿಕೊಂಡಿತು. ಅಷ್ಟರಲ್ಲಿ ಅಣ್ಣ ವೀಳ್ಯ ಬದಲಾಯಿಸಿ ಮದುವೆ ನಿಶ್ಚಯಿಸಿಯಾಗಿತ್ತು.

ಸುಮತಿ ನಿಧಾನವಾಗಿ, ಒಂದು ಬೆರಳೂ ಮಸುಕಾಗದಂತೆ ಹೇಳಿದಳು: ಆ ಮನೆ ನನಗೆ ಬೇಡ.

ಗಲ್ಲ ಮುಟ್ಟಿದೆ. ಅಣ್ಣ ಏನೆನ್ನುತ್ತಾನೆಂದು ಗೊತ್ತಿತ್ತು: ಈಗ ಹೇಳ್ರೆ ಹ್ಯಾಂಗೆ?

ತಲುಪಿದ್ದರೂ ಅವಳು ಮತ್ತೆ ಹೇಳಿದಳು. ಮತ್ತೆ ಮುಟ್ಟಿದೆ.

ಅಂಗಳದಿಂದ ಶಾಂತಕ್ಕ ಕೂಗಿದಳು: "ಟೀಚರ, ನಳ ಬಂತ್ರಿ! ಲಗೂ ಬರ್ರಿ!"

ತಂಗಿಯ ಕೈ ಇನ್ನೂ ಆಡುತ್ತಿತ್ತು. ಹೊರಗೆ ಕೊಡ ಹಿಡಿಯಬೇಕಾದ ನನ್ನ ಕೈ ಗಲ್ಲದ ಮೇಲೇ ಇತ್ತು.